ಸಹಾಯ ಬೇಕು: ಗಿಡಮೂಲಿಕೆ ವೇಪರೈಸರ್, ಪೋರ್ಟಬಲ್ ತಗೊಳ್ಳಲಾ, ಮೇಜಿನ ಮೇಲಿಡುವುದು ತಗೊಳ್ಳಲಾ?

ಎಲ್ಲರಿಗೂ ನಮಸ್ಕಾರ. ನಾನಿರುವುದು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ. ರಾತ್ರಿ ಮಲಗುವ ಮುಂಚೆ ವೇಪರೈಸರ್‌ನಲ್ಲಿ, ಅಂದರೆ ಹೂವನ್ನು ಸುಡದೆ ಬಿಸಿ ಮಾಡುವ ಸಾಧನದಲ್ಲಿ, ಲ್ಯಾವೆಂಡರ್, ಕ್ಯಾಮೊಮೈಲ್ ಹೂವು ಬಿಸಿ ಮಾಡಿ ಘಮ ಎಳೆದುಕೊಳ್ಳುವ ಅಭ್ಯಾಸ. ತಂಬಾಕು, ಗಾಂಜಾ ಯಾವುದೂ ಅಲ್ಲ, ಬರೀ ಹೂವು.

ತೊಂದರೆ ಇರುವುದು ಶಾಖದಲ್ಲಿ. ಲ್ಯಾವೆಂಡರ್‌ಗೆ 130 ಡಿಗ್ರಿ ಸೆಲ್ಸಿಯಸ್ ಸಾಕು, ಕ್ಯಾಮೊಮೈಲ್‌ಗೆ 190 ಬೇಕು. ನನ್ನ ಅಗ್ಗದ ಪೋರ್ಟಬಲ್‌ನಲ್ಲಿ 190 ಇಟ್ಟು, ಮೊನ್ನೆ ಅದರೊಳಗಿನ ಹೂವನ್ನು ಬಿಳಿ ಹಾಳೆಯ ಮೇಲೆ ಸುರಿದು ನೋಡಿದೆ. ಅಂಚಿಗೆ ತಾಗಿದ ಎಸಳು ಕಪ್ಪಗೆ ಸೀದಿತ್ತು, ನಡುವಿನದು ಹಳದಿಯಾಗಿಯೇ ಇತ್ತು! ಗಂಟಲಿಗೆ ಬರೀ ಸೀದ ವಾಸನೆ. ನಾಲ್ಕು ಸಲ ಎಳೆಯುವಷ್ಟರಲ್ಲಿ ಶಾಖವೂ ಇಳಿಯುತ್ತದೆ.

ಅತ್ತೆ ಹೇಳುತ್ತಾರೆ, "ಸುಮ್ನೆ ನೀರು ಕುದಿಸಿ ಹಬೆ ತಗೊಳ್ಳಮ್ಮ" ಅಂತ. ನೆಗಡಿಗೆ ಅದು ಸರಿ. ಆದರೆ ಕುದಿಯುವ ನೀರು 100 ಡಿಗ್ರಿ ದಾಟಲ್ಲ ಅಲ್ವಾ?

ಈಗ ನೋಡುತ್ತಿರುವುದು ಎರಡು, ಎರಡೂ ಇಲ್ಲಿಯ ಟುಟ್ಲಿಂಗನ್ ಊರಿನ ಕಂಪನಿಯದು. ವೋಲ್ಕಾನೊ ಹೈಬ್ರಿಡ್ ಮೇಜಿನ ಮೇಲಿಡುವುದು, 230 ಡಿಗ್ರಿವರೆಗೆ ಹೋಗುತ್ತದೆ, ಹೂವಿನ ಮೂಲಕ ಬಿಸಿ ಗಾಳಿ ಊದಿ ಘಮವನ್ನು ಬಲೂನಿಗೆ ತುಂಬುತ್ತದೆ. ಮೈಟಿ ಪ್ಲಸ್ ಬ್ಯಾಟರಿಯದು, 210ರವರೆಗೆ. ನನಗೆ 190 ಸಾಕು, ಹಾಗಾಗಿ ಅಂಕಿ ನೋಡಿದರೆ ಎರಡೂ ಆಗುತ್ತವೆ.

ಎರಡನ್ನೂ ಬಳಸಿದವರು ಯಾರಾದರೂ ಇದ್ದೀರಾ? ಒಂದೇ 190ರಲ್ಲಿ ಘಮ ಒಂದೇ ಥರ ಬರುತ್ತದಾ? ಹೂವು ಒಂದೇ ಸಮ ಕಂದು ಬಣ್ಣಕ್ಕೆ ತಿರುಗುತ್ತದಾ? ಬಲೂನಿನಲ್ಲಿ ಸ್ವಲ್ಪ ಹೊತ್ತು ನಿಂತರೆ ಪರಿಮಳ ಸಪ್ಪೆಯಾಗುತ್ತದಾ? ನಿಮಗೆ ಕಂಡಿದ್ದನ್ನು ದಯವಿಟ್ಟು ಬರೆಯಿರಿ. ದುಡ್ಡು ಜಾಸ್ತಿ, ತಪ್ಪು ಆರಿಸಲು ಮನಸ್ಸಿಲ್ಲ.