ಪುನರ್ಪುಳಿ ಜಿನ್‌ಗೆ ಮಸಾಲೆ ಪಾಕ: ಕಹಿ ಯಾಕೆ ಬರುತ್ತೆ?

ಪ್ರಶ್ನೆ:
ಒಣ ಪುನರ್ಪುಳಿ (ಕೋಕಂ) ಸಿಪ್ಪೆ, ಏಲಕ್ಕಿ, ಚಕ್ಕೆ, ಲವಂಗ, ಕಾಳುಮೆಣಸು ಎಲ್ಲಾ ಸಕ್ಕರೆ ಪಾಕಕ್ಕೆ ಹಾಕಿ 20 ನಿಮಿಷ ಕುದಿಸಿದರೆ ಕಹಿ ಬರ್ತಿದೆ, ಲವಂಗ ಬಿಟ್ಟರೆ ಬೇರೇನೂ ಗೊತ್ತಾಗಲ್ಲ. ಬಣ್ಣವೂ ಕಂದು. ಜಿನ್, ಸೋಡಾ ಜೊತೆ ಹೊಂದುವ ಅಳತೆ ಯಾರಾದರೂ ಕೊಡ್ತೀರಾ?

ಉತ್ತರ 1:
ಎಲ್ಲವನ್ನೂ ಒಂದೇ ಪಾತ್ರೆಗೆ ಹಾಕಿ ಕುದಿಸೋದೇ ತೊಂದರೆ. ಪುನರ್ಪುಳಿ ಬೇರೆ, ಪಾಕ ಬೇರೆ ಮಾಡಿ.

25 ಗ್ರಾಂ ಸಿಪ್ಪೆ ತೊಳೆದು 250 ಮಿ.ಲೀ. ಬಿಸಿನೀರಲ್ಲಿ 2 ಗಂಟೆ ನೆನೆಹಾಕಿ, ಚೆನ್ನಾಗಿ ಕಿವುಚಿ, ಬಟ್ಟೆಯಲ್ಲಿ ಸೋಸಿ. ಒಲೆ ಮೇಲೆ ಇಡಲೇಬೇಡಿ. ಆ ಕೆಂಪು ಆಂಥೋಸಯಾನಿನ್ ಅನ್ನೋ ಸಸ್ಯದ ಬಣ್ಣ, ತುಂಬಾ ಹೊತ್ತು ಕುದಿಸಿದರೆ ಕಂದಾಗುತ್ತೆ. ಸ್ಟೀಲ್ ಅಥವಾ ಗಾಜಿನ ಪಾತ್ರೆಯೇ ಇರಲಿ, ಅಲ್ಯೂಮಿನಿಯಂ ಬೇಡ. ಕೆಲವು ಕಡೆ ಉಪ್ಪು ಹಾಕಿ ಒಣಗಿಸಿದ ಸಿಪ್ಪೆ ಮಾರ್ತಾರೆ, ಕೊಳ್ಳುವಾಗ ಒಂದು ಚೂರು ಬಾಯಿಗೆ ಹಾಕಿ ನೋಡಿ.

ಪಾಕಕ್ಕೆ 200 ಗ್ರಾಂ ಸಕ್ಕರೆ, 200 ಮಿ.ಲೀ. ನೀರು, 2 ಇಂಚು ಚಕ್ಕೆ, 2 ಲವಂಗ. ಸಣ್ಣ ಉರಿಯಲ್ಲಿ 5 ನಿಮಿಷ ಸಾಕು. ಒಲೆ ಆರಿಸಿದ ಮೇಲೆ 6 ಏಲಕ್ಕಿಯ ಕಾಳು ಮಾತ್ರ ಜಜ್ಜಿ ಹಾಕಿ, ಮುಚ್ಚಿ 20 ನಿಮಿಷ ಬಿಟ್ಟು ಸೋಸಿ. ಏಲಕ್ಕಿ ಕುದಿಸಿದರೆ ಘಮ ಹಬೆಯಲ್ಲೇ ಹೋಗುತ್ತೆ, ಸಿಪ್ಪೆಯ ಒಗರು ಉಳಿಯುತ್ತೆ. ಲವಂಗ ಎರಡಕ್ಕಿಂತ ಹೆಚ್ಚಾದರೆ ಉಳಿದದ್ದನ್ನೆಲ್ಲಾ ಮುಚ್ಚಿಬಿಡುತ್ತೆ. ಚಕ್ಕೆ ಪುಡಿ ಹಾಕಿದರೆ ಪಾಕ ಲೋಳೆಲೋಳೆ ಆಗುತ್ತೆ.

ಒಂದು ಗ್ಲಾಸಿಗೆ ಜಿನ್ 45 ಮಿ.ಲೀ., ಪುನರ್ಪುಳಿ ರಸ 40, ಪಾಕ 20, ಚಿಟಿಕೆ ಕಪ್ಪುಪ್ಪು. ಐಸ್ ಜೊತೆ 12 ಸೆಕೆಂಡ್ ಜೋರಾಗಿ ಕುಲುಕಿ, ಹೊಸ ಐಸ್ ಇರುವ ಉದ್ದ ಗ್ಲಾಸಿಗೆ ಸೋಸಿ, ಕೊನೆಗೆ ಸೋಡಾ 60. ಸೋಡಾ ಹಾಕಿ ಕುಲುಕಬೇಡಿ. ನಿಂಬೆ ಬೇಕಿಲ್ಲ, ಪುನರ್ಪುಳಿಯ ಹುಳಿಯೇ ಧಾರಾಳ.

ಉತ್ತರ 2:
ಮೇಲಿನ ಅಳತೆ ಸರಿಯಿದೆ. ಕಾಳುಮೆಣಸು ಬಿಟ್ಟಿದ್ದಾರೆ, ಅದಿಲ್ಲದೆ ಈ ಡ್ರಿಂಕ್ ಸಪ್ಪೆ. ಮೆಣಸಿನ ಖಾರ, ಅಂದರೆ ಪೈಪರಿನ್, ನೀರಲ್ಲಿ ಸರಿಯಾಗಿ ಕರಗಲ್ಲ, ಆಲ್ಕೋಹಾಲ್‌ನಲ್ಲಿ ಕರಗುತ್ತೆ. ಹಾಗಾಗಿ ಪಾಕಕ್ಕೆ ಹಾಕಿ ಪ್ರಯೋಜನ ಕಡಿಮೆ. 200 ಮಿ.ಲೀ. ಜಿನ್‌ಗೆ 1 ಚಮಚ ಮೆಣಸು ತರಿತರಿಯಾಗಿ ಕುಟ್ಟಿ ಹಾಕಿ, 4 ಗಂಟೆ ಆದ ಮೇಲೆ ಕಾಫಿ ಫಿಲ್ಟರ್ ಪೇಪರ್‌ನಲ್ಲಿ ಸೋಸಿ. ಮಧ್ಯೆ ಮಧ್ಯೆ ರುಚಿ ನೋಡ್ತಾ ಇರಿ, ರಾತ್ರಿಯಿಡೀ ಬಿಟ್ಟರೆ ಗಂಟಲು ಕೆರೆಯೋ ಹಾಗಾಗುತ್ತೆ. ಹುರಿದ ಜೀರಿಗೆ ಪುಡಿ ಮೇಲೆ ಸ್ವಲ್ಪ ಉದುರಿಸಿದರೆ ಪುನರ್ಪುಳಿಗೆ ಬಲು ಚೆನ್ನ.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್. ಸಕ್ಕರೆ ಬದಲು ಬೆಲ್ಲ ಹಾಕಬಹುದಾ? ಎಷ್ಟು ದಿನ ಇಡಬಹುದು?

ಉತ್ತರ 1:
ಪಾಕ ಫ್ರಿಜ್‌ನಲ್ಲಿ ಎರಡು ವಾರ. ನೊರೆ ಬಂದರೆ ಚೆಲ್ಲಿಬಿಡಿ. ರಸ ಮೂರು ದಿನಕ್ಕಿಂತ ಹೆಚ್ಚು ಇಡಬೇಡಿ, ಐಸ್ ಟ್ರೇಗೆ ಹಾಕಿ ಫ್ರೀಜ್ ಮಾಡಿಕೊಳ್ಳಿ. ಬೆಲ್ಲ ಹಾಕಿದರೆ ಪುನರ್ಪುಳಿಯ ಬಣ್ಣ ಮಂಕಾಗುತ್ತೆ, ಜಿನ್‌ನ ಸೂಕ್ಷ್ಮ ಘಮವೂ ಸಿಗಲ್ಲ. ಬೆಲ್ಲದ ಪಾಕವೇ ಬೇಕಿದ್ದರೆ ಡಾರ್ಕ್ ರಮ್ ತಗೊಳ್ಳಿ, ಪುನರ್ಪುಳಿ ಬದಲು ಹಸಿಶುಂಠಿ ರಸ 5 ಮಿ.ಲೀ., ನಿಂಬೆರಸ 20 ಮಿ.ಲೀ. ಹಾಕಿ.