ಮನೆಗೆ ಸೋಲಾರ್: ಎಲ್ಲಿಂದ ಶುರು ಮಾಡೋದು?

ಪ್ರಶ್ನೆ: ಕರೆಂಟು, ಗ್ಯಾಸ್ ಎರಡರ ಖರ್ಚೂ ಕಡಿಮೆ ಮಾಡಬೇಕು ಅಂತಿದ್ದೇವೆ. ಟೆರೇಸ್ ಮೇಲೆ ಬಿಸಿಲು ಚೆನ್ನಾಗಿ ಬೀಳುತ್ತದೆ. ಮೊದಲು ಏನು ಹಾಕಿಸಲಿ? ಬಳಸಿ ನೋಡಿದವರು ದಯವಿಟ್ಟು ಹೇಳಿ.

ಉತ್ತರ 1: ಹಾಕಿಸುವ ಮೊದಲು ಕರೆಂಟು ಎಲ್ಲಿ ಹೋಗುತ್ತಿದೆ ಅಂತ ನೋಡಿ. ನಾವು ದಿನಾ ಮೀಟರ್ ನೋಡಿ ಬರೆದಿಟ್ಟೆವು. ಲೈಟುಗಳ ಪಾಲು ತೀರಾ ಕಡಿಮೆ, ಜಾಸ್ತಿ ಎಳೆಯುತ್ತಿದ್ದದ್ದು ಗೀಸರ್. 100 ಲೀಟರ್ ನೀರನ್ನು 30 ಡಿಗ್ರಿಯಷ್ಟು ಬಿಸಿ ಮಾಡಲು ಸುಮಾರು 3.5 ಯೂನಿಟ್ ಬೇಕು. ಅಷ್ಟೇ ಕರೆಂಟಿನಲ್ಲಿ 9 ವ್ಯಾಟಿನ ಒಂದು ಎಲ್‌ಇಡಿ ಬಲ್ಬು ಹಗಲು ರಾತ್ರಿ 16 ದಿನ ಉರಿಯುತ್ತದೆ! ಹಾಗಾಗಿ ನನ್ನ ಮಟ್ಟಿಗೆ ಮೊದಲು ಸೋಲಾರ್ ವಾಟರ್ ಹೀಟರ್. ಪ್ಯಾನೆಲ್ ತನ್ನ ಮೇಲೆ ಬಿದ್ದ ಬಿಸಿಲಿನಲ್ಲಿ ಐದನೇ ಒಂದು ಭಾಗದಷ್ಟನ್ನು ಮಾತ್ರ ಕರೆಂಟು ಮಾಡುತ್ತದೆ. ನೇರವಾಗಿ ನೀರು ಕಾಯಿಸಿದರೆ ಅದೇ ಬಿಸಿಲಿನ ಅರ್ಧದಷ್ಟಾದರೂ ನೀರಿಗೆ ಸೇರುತ್ತದೆ. ಆದರೆ ಗಡಸು ನೀರಾದರೆ ಒಳಗೆಲ್ಲ ಬಿಳಿ ಪದರ ಕಟ್ಟುತ್ತದೆ, ಆಗಾಗ ಕ್ಲೀನ್ ಮಾಡಿಸಬೇಕು.

ಉತ್ತರ 2: ಮೇಲಿನವರ ಮಾತು ಸರಿ. ಪ್ಯಾನೆಲ್ ಹಾಕಿಸುವುದಾದರೆ ಒಂದು ವಿಷಯ ಮೊದಲೇ ಗೊತ್ತಿರಲಿ. ಬ್ಯಾಟರಿ ಇಲ್ಲದ ಆನ್‌ಗ್ರಿಡ್ ವ್ಯವಸ್ಥೆ (ಅಂದರೆ ಊರಿನ ಕರೆಂಟು ಲೈನಿಗೇ ಜೋಡಿಸಿದ್ದು) ಕರೆಂಟು ಹೋದ ಕೂಡಲೇ ತಾನೂ ನಿಂತುಹೋಗುತ್ತದೆ, ಎಷ್ಟೇ ಬಿಸಿಲಿದ್ದರೂ. ಇದು ಕೆಟ್ಟುಹೋದದ್ದಲ್ಲ. ನಮ್ಮ ಮನೆಯಿಂದ ಲೈನಿಗೆ ಕರೆಂಟು ಹರಿದರೆ, ಅಲ್ಲಿ ರಿಪೇರಿ ಮಾಡುತ್ತಿರುವ ಲೈನ್‌ಮನ್ ಜೀವಕ್ಕೇ ಅಪಾಯ ಅಲ್ವಾ? ಅದಕ್ಕೇ ಪ್ಯಾನೆಲ್ ಕರೆಂಟನ್ನು ಮನೆ ಬಳಕೆಗೆ ತಕ್ಕಂತೆ ಬದಲಿಸುವ ಇನ್ವರ್ಟರ್ ತಾನೇ ಆಫ್ ಆಗುತ್ತದೆ. ಕರೆಂಟು ಇಲ್ಲದಾಗಲೂ ಲೈಟು, ಫ್ಯಾನು ಬೇಕಿದ್ದರೆ ಬ್ಯಾಟರಿ ಇರುವ ಹೈಬ್ರಿಡ್ ಕೇಳಿ. ಲೆಡ್ ಆ್ಯಸಿಡ್ ಬ್ಯಾಟರಿಯ ಚಾರ್ಜನ್ನು ಅರ್ಧಕ್ಕಿಂತ ಕೆಳಗೆ ಇಳಿಸುತ್ತಿದ್ದರೆ ಅದು ಬೇಗ ಹಾಳಾಗುತ್ತದೆ. ಲಿಥಿಯಂನದ್ದು ಇನ್ನೂ ಆಳಕ್ಕೆ ಇಳಿದರೂ ತಡೆದುಕೊಳ್ಳುತ್ತದೆ. ಸುಮ್ನೆ ದೊಡ್ಡ ಬ್ಯಾಟರಿ ತರುವ ಬದಲು, ರಾತ್ರಿ ಯಾವುದು ಎಷ್ಟು ಹೊತ್ತು ನಡೆಯಬೇಕು ಅಂತ ಲೆಕ್ಕ ಹಾಕಿ. ಪಂಪು, ವಾಷಿಂಗ್ ಮೆಷಿನ್ ಮಧ್ಯಾಹ್ನವೇ ಓಡಿಸಿ.

ಉತ್ತರ 3: ಗ್ಯಾಸ್ ಬಗ್ಗೆ ಯಾರೂ ಹೇಳಲಿಲ್ಲ. ದನ ಇದ್ದರೆ ಗೋಬರ್ ಗ್ಯಾಸ್ ನಿಜಕ್ಕೂ ಒಳ್ಳೆಯದು. ಉರಿಯುವುದು ಮೀಥೇನ್, ಹೊಗೆ ಇಲ್ಲ, ಉಳಿದ ಬಗ್ಗಡ ಗೊಬ್ಬರಕ್ಕೆ. ಚಳಿ ಜಾಸ್ತಿಯಾದರೆ ಒಳಗಿನ ಸೂಕ್ಷ್ಮಜೀವಿಗಳು ನಿಧಾನವಾಗುತ್ತವೆ, ಗ್ಯಾಸ್ ಇಳಿಯುತ್ತದೆ. ಆ ದಿನಗಳಿಗೆ ಬೇರೆ ಒಲೆ ಇರಲಿ.

ಪ್ರಶ್ನೆ ಕೇಳಿದವರು: ತುಂಬಾ ಉಪಕಾರವಾಯಿತು. ದನ ಇಲ್ಲ, ಹೀಟರಿನಿಂದಲೇ ಶುರು ಮಾಡುತ್ತೇವೆ. ಸಂಜೆ ಹೊತ್ತು ಪಕ್ಕದ ಮರದ ನೆರಳು ಟೆರೇಸಿಗೆ ಬರುತ್ತದೆ. ಮರ ಕಡಿಸಬೇಕಾ?

ಉತ್ತರ 2: ದಯವಿಟ್ಟು ಕಡಿಸಬೇಡಿ. ಬೆಳಗ್ಗೆ 9ರಿಂದ ಮಧ್ಯಾಹ್ನ 3ರವರೆಗೆ ನೆರಳು ಬೀಳದಿದ್ದರೆ ಹೆಚ್ಚು ನಷ್ಟವಿಲ್ಲ. ಆದರೆ ಚಳಿಗಾಲದಲ್ಲಿ ಸೂರ್ಯ ಕೆಳಗಿರುತ್ತಾನೆ, ನೆರಳು ಉದ್ದವಾಗುತ್ತದೆ. ಸಾಲಾಗಿ ಜೋಡಿಸಿದ ಪ್ಯಾನೆಲ್‌ಗಳಲ್ಲಿ ಒಂದರ ಮೇಲೆ ನೆರಳು ಬಿದ್ದರೂ ಇಡೀ ಸಾಲಿನ ಕರೆಂಟು ಇಳಿಯಬಹುದು. ಆ ಕಾಲದ ನೆರಳು ನೋಡಿಯೇ ಜಾಗ ಗುರುತು ಮಾಡಿ.