ಹಳೆ ಅಡುಗೆಮನೆ: ಬಾಗಿಲು ಬದಲಿಸಿದರೆ ಸಾಕಾ, ಪೂರ್ತಿ ಕೀಳಬೇಕಾ?

ಪ್ರಶ್ನೆ

25 ವರ್ಷದ ಅಡುಗೆಮನೆ. ಕಪಾಟಿನ ಬಾಗಿಲುಗಳು ಜೋತಿವೆ, ಸಿಂಕ್ ಕೆಳಗಿನ ಹಲಗೆ ಉಬ್ಬಿದೆ. ಗೋಡೆಯ ಟೈಲ್ಸ್ ಮಂಕಾಗಿವೆ, ಒಡೆದಿಲ್ಲ. ಗ್ರಾನೈಟ್ ಕಟ್ಟೆ ಗಟ್ಟಿಯಾಗಿದೆ. ನಲ್ಲಿಯಲ್ಲಿ ನೀರು ಮೊದಲಿನಷ್ಟು ಜೋರಾಗಿ ಬರುವುದಿಲ್ಲ. ಬಾಗಿಲು ಬದಲಿಸಿ, ಹಳೆ ಟೈಲ್ಸ್ ಮೇಲೇ ಹೊಸದು ಅಂಟಿಸಿದರೆ ಸಾಕಾ? ಸಿಂಕನ್ನು 2 ಮೀಟರ್ ಆಚೆ, ಕಿಟಕಿ ಕೆಳಗೆ ತರುವ ಆಸೆಯೂ ಇದೆ.

ಉತ್ತರ 1

ಬಾಗಿಲು, ಬಣ್ಣ ಎಲ್ಲ ಆಮೇಲೆ. ಮೊದಲು ನೀರು ಯಾಕೆ ಕಮ್ಮಿಯಾಗಿದೆ ನೋಡಿ. ನಲ್ಲಿಯ ತುದಿಯ ಜಾಲರಿ ಬಿಚ್ಚಿ ತೊಳೆದು ಹಾಕಿ. ನೀರು ಸರಿಹೋದರೆ ಅಲ್ಲಿಗೆ ಮುಗಿಯಿತು. ಹೋಗದಿದ್ದರೆ, ರಾತ್ರಿಯಿಡೀ ಬಳಸದೆ ಬಿಟ್ಟು ಬೆಳಗ್ಗೆ ಮೊದಲ ನೀರನ್ನು ಬಿಳಿ ಪಾತ್ರೆಗೆ ಹಿಡಿಯಿರಿ. ಕಂದು ಬಣ್ಣ ಬಂದರೆ ಗೋಡೆಯೊಳಗಿನ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು ಒಳಗಿಂದ ತುಕ್ಕು ಹಿಡಿದಿದೆ ಅಂತಲೇ ಅನುಮಾನಿಸಬೇಕು. ಪೈಪು ಬದಲಿಸಲು ಗೋಡೆ ಒಡೆಯಲೇಬೇಕು. ಅದು ಗೊತ್ತಾಗುವ ತನಕ ಒಂದು ಟೈಲೂ ಅಂಟಿಸಬೇಡಿ.

ಉತ್ತರ 2

ಕಪಾಟಿನ ವಿಷಯ. ಬಾಗಿಲು ಜೋತಿದ್ದಕ್ಕೆ ಹಿಂಜ್ ಒಂದೇ ಕಾರಣವಲ್ಲ. ಹಿಂಜಿನ ಸ್ಕ್ರೂ ತಿರುಗಿಸಿ ನೋಡಿ. ಕಚ್ಚದೆ ಸುಮ್ಮನೆ ತಿರುಗಿದರೆ ಹಲಗೆಯ ತೂತು ಸಡಿಲವಾಗಿದೆ. ಪ್ಲೈವುಡ್ ಆದರೆ ತೂತಿಗೆ ಗಟ್ಟಿ ಮರದ ಕಡ್ಡಿಯನ್ನು ಫೆವಿಕಾಲ್ ಹಚ್ಚಿ ಬಡಿದು, ಒಂದು ದಿನ ಒಣಗಿಸಿ, ಸಣ್ಣ ಬಿಟ್‌ನಲ್ಲಿ ಹೊಸ ತೂತು ಕೊರೆದರೆ ಆಯಿತು. ಪಾರ್ಟಿಕಲ್ ಬೋರ್ಡ್ (ಮರದ ಚೂರು ಒತ್ತಿ ಮಾಡಿದ ಹಲಗೆ) ಆಗಿದ್ದು ನೀರು ಕುಡಿದು ಉಬ್ಬಿದ್ದರೆ ಒಣಗಿದರೂ ಮೊದಲಿನಂತಾಗದು, ಆ ಪೆಟ್ಟಿಗೆ ಹೋಯಿತು ಅಂತ ಲೆಕ್ಕ. ಉಳಿದ ಪೆಟ್ಟಿಗೆಗಳ ತಳವನ್ನು ಸ್ಕ್ರೂಡ್ರೈವರ್ ಮೊನೆಯಿಂದ ಚುಚ್ಚಿ ನೋಡಿ. ಒಳಗಿಳಿಯದಿದ್ದರೆ ಸಿಂಕ್ ಕೆಳಗಿನದನ್ನು ಮಾತ್ರ ಬದಲಿಸಿ, ಉಳಿದವಕ್ಕೆ ಹೊಸ ಬಾಗಿಲು ಸಾಕು. ಹೊಸ ಬಾಗಿಲಿಗೆ 35 ಮಿ.ಮೀ. ಕಪ್ ಹಿಂಜ್ (ಬಾಗಿಲಿನ ದುಂಡು ಕುಳಿಯಲ್ಲಿ ಕೂರುವಂಥದ್ದು) ಹಾಕಿಸಿ, ಮುಂದೆ ಬದಲಿ ಸುಲಭವಾಗಿ ಸಿಗುತ್ತದೆ.

ಸಿಂಕ್ ಸರಿಸುವುದಕ್ಕೆ ಮಾತ್ರ ನನ್ನ ಒಪ್ಪಿಗೆ ಇಲ್ಲ. ಹೊರಹೋಗುವ ಪೈಪಿಗೆ ಮೀಟರಿಗೆ 2ರಿಂದ 2.5 ಸೆಂ.ಮೀ. ಇಳಿಜಾರು ಬೇಕು, ಅಂದರೆ 2 ಮೀಟರಿಗೆ 4–5 ಸೆಂ.ಮೀ. ಗೋಡೆಯ ಹಳೆ ಬಾಯಿ ಅಷ್ಟು ಕೆಳಗಿಲ್ಲದಿದ್ದರೆ ಪೈಪು ಮಟ್ಟವಾಗಿ ಕೂತು, ಜಿಡ್ಡು ಗಟ್ಟಿಯಾಗಿ ಪದೇ ಪದೇ ಕಟ್ಟುತ್ತದೆ. ಜೊತೆಗೆ ಗ್ರಾನೈಟಿನಲ್ಲಿ ಸಿಂಕಿನ ಹಳೆ ತೂತು ಹಾಗೇ ಉಳಿಯುತ್ತದಲ್ಲ!

ಪ್ರಶ್ನೆ ಕೇಳಿದವರು

ಜಾಲರಿ ತೊಳೆದೆ, ವ್ಯತ್ಯಾಸ ಇಲ್ಲ. ಬೆಳಗಿನ ನೀರು ಕಂದು. ಕಪಾಟು ಪ್ಲೈವುಡ್, ಸಿಂಕ್ ಕೆಳಗಿನದು ಬಿಟ್ಟು ಎಲ್ಲ ಗಟ್ಟಿ.

ಉತ್ತರ 1

ಹಾಗಾದರೆ ಮಧ್ಯದ ದಾರಿ: ಪೈಪು, ಗೋಡೆಯ ಟೈಲ್ಸ್, ಸಿಂಕ್ ಪೆಟ್ಟಿಗೆ, ಬಾಗಿಲು ಹೊಸದು; ಕಟ್ಟೆ, ಉಳಿದ ಪೆಟ್ಟಿಗೆ ಹಳೆಯವೇ. ಗೋಡೆ ಒಡೆಯುವಾಗ ಕಟ್ಟೆಯ ಮೇಲೆ ದಪ್ಪ ಹಲಗೆ ಹಾಸಿ, ಉಳಿ ಬಿದ್ದರೆ ಗ್ರಾನೈಟ್ ಅಂಚು ಎಗರುತ್ತದೆ. ಹೊಸದಾಗಿ ಹಾಕುವ ಸಿಪಿವಿಸಿ (ಒಂದು ಬಗೆಯ ಪ್ಲಾಸ್ಟಿಕ್) ಪೈಪಿನ ಅಂಟು ಪೂರ್ತಿ ಒಣಗಿದ ಮೇಲೆ ಪಂಪಿನಿಂದ ಒತ್ತಡ ಕೊಟ್ಟು, ಮೀಟರಿನ ಮುಳ್ಳು ಇಳಿಯುವುದಿಲ್ಲ ಅಂತ ಖಾತ್ರಿಯಾದರೆ ಮಾತ್ರ ಗಾರೆ ಮುಚ್ಚಿಸಿ. ಕಟ್ಟೆ–ಟೈಲ್ಸ್ ಕೂಡುವಲ್ಲಿ ಸಿಮೆಂಟ್ ಬೇಡ, ಸಿಲಿಕೋನ್ ಹಾಕಿಸಿ. ಸಿಮೆಂಟ್ ಬಿರುಕು ಬಿಟ್ಟು ನೀರು ಕಪಾಟಿಗೆ ಇಳಿಯುತ್ತದೆ.

ಉತ್ತರ 3

ಗೋಡೆ ಹೇಗೂ ಒಡೆಯುತ್ತೀರಿ, ವೈರಿಂಗ್ ಇದೇ ಸಮಯದಲ್ಲಿ ಮುಗಿಸಿ. 230 ವೋಲ್ಟಿನಲ್ಲಿ 2000 ವ್ಯಾಟ್ ಓವನ್ ಸುಮಾರು 9 ಆಂಪಿಯರ್ ಎಳೆಯುತ್ತದೆ, 1500 ವ್ಯಾಟ್ ಕೆಟಲ್ 6.5. ಎರಡೂ ಹಳೆಯ ಒಂದೇ ತೆಳು ತಂತಿಯಲ್ಲಿದ್ದರೆ ಸಾಕೆಟ್ ಸುಡುತ್ತದೆ. ಇಂಥವಕ್ಕೆ ಮುಖ್ಯ ಬೋರ್ಡಿನಿಂದಲೇ ಬೇರೆ ಲೈನ್, 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಕಡಿತ ಮಾಡುವ ಸ್ವಿಚ್) ಬೇಕು. ಗಾರೆ ಮುಚ್ಚುವ ಮುಂಚೆ ಅಳತೆ ಟೇಪನ್ನು ಗೋಡೆಗೆ ಹಿಡಿದು ಪೈಪು, ತಂತಿ ಹೋದ ದಾರಿಯ ಫೋಟೋ ತೆಗೆದಿಡಿ. ನಾಳೆ ಶೆಲ್ಫಿಗೆ ಡ್ರಿಲ್ ಹಾಕುವವನಿಗೆ ಅದೇ ನಕ್ಷೆ.